ಸತ್ತವರ ಹೃದಯ ಒಪ್ಪಿಸುವ ಲೆಕ್ಕ

ಕೊರಿಯಾ ಯುದ್ಧದ ಕದನವಿರಾಮಕ್ಕೆ ಸಹಿ ಬಿದ್ದದ್ದು 1953ರ ಜುಲೈ 27ರಂದು. ಅದಕ್ಕೆ ಒಂಬತ್ತು ದಿನ ಮೊದಲು ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ನಾಲ್ಕೇ ಪುಟಗಳ ಒಂದು ವರದಿ ಪ್ರಕಟವಾಯಿತು. ರಣರಂಗದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಎನೋಸ್, ಹೋಮ್ಸ್ ಮತ್ತು ಬೇಯರ್ ಎಂಬ ಮೂವರು ವೈದ್ಯರು ಬಿಡಿಸಿ ನೋಡಿದ್ದರು. ಸತ್ತವರ ಸರಾಸರಿ ವಯಸ್ಸು 22. ಸೇನೆಗೆ ಸೇರುವಾಗ ದೇಹಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಗುಂಡು ತಗಲುವ ಗಳಿಗೆಯವರೆಗೂ ಹೊರೆ ಹೊತ್ತು ಗುಡ್ಡ ಹತ್ತುತ್ತಿದ್ದ ಹುಡುಗರು ಅವರು. ಅವರಲ್ಲಿ ಶೇ 77ರಷ್ಟು ಮಂದಿಯ ಹೃದಯದ ರಕ್ತನಾಳಗಳಲ್ಲಿ ಬರಿಗಣ್ಣಿಗೆ ಕಾಣುವಂಥ ರೋಗದ ಗುರುತುಗಳಿದ್ದವು. ಬಹಳಷ್ಟು ಮಂದಿಯಲ್ಲಿ ಅದು ನಾಳದ ಒಳಗೋಡೆಯ ಸಣ್ಣ ಉಬ್ಬು ಮಾತ್ರ. ಕೆಲವರಲ್ಲಿ ಮಾತ್ರ ಮುಖ್ಯ ಕವಲೊಂದು ಪೂರ್ತಿಯಾಗಿ ಮುಚ್ಚಿಹೋಗಿತ್ತು.

ಹೃದ್ರೋಗವೆಂದರೆ ಐವತ್ತು ದಾಟಿದವರ ಕಾಯಿಲೆ, ಕುರ್ಚಿಯಲ್ಲಿ ಕುಳಿತು ದುಡಿಯುವ ಉಳ್ಳವರ ಕಾಯಿಲೆ ಎಂದು ನಂಬಿದ್ದ ಕಾಲ ಅದು. ಆ ನಂಬಿಕೆಯ ಬುಡವನ್ನು ಈ ನಾಲ್ಕು ಪುಟಗಳು ಅಲುಗಿಸಿದವು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಈ ವರದಿಯಲ್ಲಿ ಶೇಕಡಾವಾರು ಅಂಕಿಗಿಂತ ಹೆಚ್ಚು ಮುಖ್ಯವಾಗಿ ತೋರುವುದು ಆ ಅಂಕಿ ದೊರೆತ ಬಗೆ. ಆ 300 ಮಂದಿಯನ್ನು ಶವಪರೀಕ್ಷೆಯ ಮೇಜಿಗೆ ತಂದದ್ದು ರೋಗವಲ್ಲ, ಗುಂಡು. ಗುಂಡಿಗೆ ಯಾರ ರಕ್ತನಾಳ ಕಿರಿದಾಗಿದೆ ಎಂಬುದು ತಿಳಿಯದು. ಆದ್ದರಿಂದಲೇ ಅವರ ಹೃದಯಗಳು ಬದುಕಿ ಮನೆಗೆ ಮರಳಿದ ಅವರ ಒಡನಾಡಿಗಳ ಹೃದಯಗಳ ಬಗೆಗೂ ಸಾಕ್ಷಿ ನುಡಿಯಬಲ್ಲವು. ಸಂಖ್ಯಾಶಾಸ್ತ್ರಜ್ಞರು ಮಾದರಿ ಸಮೀಕ್ಷೆಯಲ್ಲಿ ಬಹಳ ಶ್ರಮಪಟ್ಟು ಸಾಧಿಸುವ ನಿಷ್ಪಕ್ಷಪಾತವನ್ನು ಯುದ್ಧ ತನ್ನ ಕ್ರೂರ ರೀತಿಯಲ್ಲಿ ಒದಗಿಸಿತ್ತು. ಎದೆನೋವೆಂದು ಆಸ್ಪತ್ರೆಗೆ ಬಂದು ಸತ್ತವರ ಹೃದಯಗಳನ್ನಷ್ಟೇ ನೋಡಿದರೆ ಸಿಗುವುದು ರೋಗಿಗಳ ಲೆಕ್ಕ, ಜನರ ಲೆಕ್ಕವಲ್ಲ.

ಶವಪರೀಕ್ಷೆಯಿಂದ ರೋಗದ ನೆಲೆಯನ್ನು ಹುಡುಕುವ ಕ್ರಮ ಹಳೆಯದು. ಇಟಲಿಯ ಪಡುವಾ ವಿಶ್ವವಿದ್ಯಾಲಯದ ಮೊರ್ಗಾನಿ ತನ್ನ ಜೀವಮಾನದ ಶವಪರೀಕ್ಷೆಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ್ದು 1761ರಲ್ಲಿ, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ. ಆದರೆ ಹೃದಯದ ವಿಷಯದಲ್ಲಿ ಕಣ್ಣೆದುರಿಗೆ ಇದ್ದದ್ದನ್ನು ಕಾಣಲು ಜಗತ್ತಿಗೆ ಬಹುಕಾಲ ಬೇಕಾಯಿತು. ಲಂಡನ್ನಿನ ವೈದ್ಯ ಹೆಬರ್ಡನ್ 1768ರಲ್ಲಿ, ನಡೆಯುವಾಗ ಎದೆಯನ್ನು ಹಿಂಡಿ, ನಿಂತರೆ ಬಿಡುವ ಒಂದು ವಿಚಿತ್ರ ನೋವನ್ನು ವರ್ಣಿಸಿದ. ಅದನ್ನು ಓದಿದ ವ್ಯಕ್ತಿಯೊಬ್ಬ ಹೆಸರು ತಿಳಿಸದೆ ಅವನಿಗೆ ಪತ್ರ ಬರೆದು, ಈ ನೋವು ತನಗೂ ಇದೆಯೆಂದೂ, ತಾನು ಹಠಾತ್ತಾಗಿ ಸತ್ತರೆ ದೇಹವನ್ನು ಕೊಯ್ದು ಕಾರಣ ಹುಡುಕಬೇಕೆಂದೂ ಕೇಳಿಕೊಂಡ. ಕೆಲವೇ ವಾರಗಳಲ್ಲಿ ಅವನು ಸತ್ತ. ಶವವನ್ನು ಪರೀಕ್ಷಿಸಿದವನು ಆ ಕಾಲದ ಶ್ರೇಷ್ಠ ಅಂಗರಚನಾ ತಜ್ಞ ಜಾನ್ ಹಂಟರ್. ಹೃದಯದಲ್ಲಿ ಏನೂ ಕಾಣಲಿಲ್ಲ. ಹೃದಯಕ್ಕೇ ರಕ್ತ ಒದಗಿಸುವ ಕೊರೊನರಿ ಧಮನಿಗಳನ್ನು ಬಿಡಿಸಿ ನೋಡಬೇಕೆಂದು ಅಂದು ಯಾರಿಗೂ ಹೊಳೆದಂತಿಲ್ಲ. ವಿಧಿಯ ಅಣಕವೆಂದರೆ ಮುಂದೆ ಹಂಟರನಿಗೇ ಆ ನೋವು ಬಂತು. ಸಿಡುಬಿನ ಲಸಿಕೆಯಿಂದ ಹೆಸರಾದ ಜೆನ್ನರ್ ಅವನ ಶಿಷ್ಯ. ಧಮನಿಗಳಲ್ಲೇ ದೋಷವಿದೆಯೆಂಬ ಗುಮಾನಿ ಜೆನ್ನರನಿಗೆ ಇತ್ತಾದರೂ ಗುರು ನೊಂದಾನೆಂದು ಅದನ್ನು ಬಹಿರಂಗಪಡಿಸದೆ ಉಳಿದ. 1793ರ ಅಕ್ಟೋಬರ್ 16ರಂದು ತನ್ನ ಆಸ್ಪತ್ರೆಯ ಸಭೆಯೊಂದರಲ್ಲಿ ಕಾವೇರಿದ ಮಾತುಕತೆಯ ನಡುವೆ ಹಂಟರ್ ಕುಸಿದು ಸತ್ತ. ಅವನ ಶವಪರೀಕ್ಷೆಯಲ್ಲಿ ಕೊರೊನರಿ ಧಮನಿಗಳು ಮೂಳೆಯಂತೆ ಗಡಸಾಗಿದ್ದುದು ಕಂಡುಬಂತು.

ನೋಡಬೇಕಾದ ಜಾಗವನ್ನು ನೋಡದಿದ್ದರೆ ಶ್ರೇಷ್ಠ ಕೈಗಳೂ ಬರಿದಾಗಿ ಹಿಂದಿರುಗುತ್ತವೆ. ನಮ್ಮ ತಾಲ್ಲೂಕು ಶವಾಗಾರಗಳ ಸ್ಥಿತಿಯೂ ಇದೇ ಆಗಿರುವುದರಿಂದ ಈ ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಹೇಳಬೇಕಾಯಿತು. ಆ ವಿಚಾರಕ್ಕೆ ಮುಂದೆ ಬರುತ್ತೇನೆ.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಶವಪರೀಕ್ಷೆಯ ದಾಖಲೆಗಳಿಂದ ಅತ್ಯಂತ ಜಾಣ ಪ್ರಶ್ನೆಗಳನ್ನು ಕೇಳಿದವರು ಬ್ರಿಟನ್ನಿನ ಜೆರ್ರಿ ಮಾರಿಸ್. ಎರಡು ಅಂತಸ್ತಿನ ಲಂಡನ್ ಬಸ್ಸುಗಳಲ್ಲಿ ದಿನವಿಡೀ ಕುಳಿತ ಚಾಲಕರಿಗಿಂತ, ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆಯೆಂದು 1953ರಲ್ಲಿ ತೋರಿಸಿಕೊಟ್ಟವರು ಅವರೇ. (ಬಸ್ ನೌಕರರ ಸಮವಸ್ತ್ರದ ಷರಾಯಿಗಳ ಸೊಂಟದಳತೆಯ ಕಡತವನ್ನೂ ಅವರು ಬಿಡಲಿಲ್ಲ, ಚಾಲಕರ ಸೊಂಟ ದಪ್ಪವಾಗಿತ್ತು. ದರ್ಜಿಯ ಪುಸ್ತಕವೂ ಆರೋಗ್ಯ ದಾಖಲೆಯಾಗಬಲ್ಲದು ಎಂಬುದು ಸರ್ಕಾರಿ ಕಡತಗಳ ನಡುವೆ ಬಾಳು ಸವೆಸಿದ ನನ್ನಂಥವನಿಗೆ ಸಮಾಧಾನದ ಸಂಗತಿ.) ಮಾರಿಸ್ ಅದಕ್ಕೂ ಮುನ್ನ, 1951ರಲ್ಲಿ, ಲಂಡನ್ ಆಸ್ಪತ್ರೆಯೊಂದರ ಸುಮಾರು ನಲವತ್ತು ವರ್ಷಗಳ ಶವಪರೀಕ್ಷೆಯ ವಹಿಗಳನ್ನು ಓದಿದ್ದರು. ಆ ಅವಧಿಯಲ್ಲಿ ಹೃದಯಾಘಾತದ ಸಾವುಗಳು ಹಲವು ಪಟ್ಟು ಏರಿದ್ದವು. ಹಾಗಾದರೆ ಧಮನಿಗಳಲ್ಲಿ ಕಟ್ಟುವ ಜಿಡ್ಡೂ ಏರಿರಬೇಕಲ್ಲವೇ? ಏರಿರಲಿಲ್ಲ. ಧಮನಿಗಳ ಸ್ಥಿತಿ ಹೆಚ್ಚೂಕಡಿಮೆ ಹಿಂದಿನಂತೆಯೇ ಇತ್ತು. ಜಿಡ್ಡು ಬೇರೆ, ಆಘಾತ ಬೇರೆ. ಮೊದಲನೆಯದರಿಂದ ಎರಡನೆಯದಕ್ಕೆ ದಾಟಿಸುವ ಇನ್ನೇನೋ ಸಮಾಜದಲ್ಲಿ ಬದಲಾಗಿದೆ ಎಂಬ ತೀರ್ಮಾನಕ್ಕೆ ಇದು ದಾರಿ ಮಾಡಿತು.

1958ರಲ್ಲಿ ಅವರು ಮಾರ್ಗರೆಟ್ ಕ್ರಾಫರ್ಡ್ ಅವರೊಡನೆ ಬ್ರಿಟನ್ನಿನಾದ್ಯಂತ ನಡೆದ ಶವಪರೀಕ್ಷೆಗಳ ರಾಷ್ಟ್ರೀಯ ಸಮೀಕ್ಷೆಯನ್ನು ಪ್ರಕಟಿಸಿದರು. ಇಲ್ಲಿಯೂ ಉಪಾಯ ಅದೇ: ಹೃದ್ರೋಗದಿಂದಲ್ಲದೆ ಬೇರೆ ಕಾರಣದಿಂದ ಸತ್ತ ನಡುವಯಸ್ಸಿನ ಗಂಡಸರ ಹೃದಯಗಳನ್ನೇ ನೋಡುವುದು, ಅವರು ಬದುಕಿದ್ದಾಗ ಮಾಡುತ್ತಿದ್ದ ಕೆಲಸ ಹಗುರವೇ, ಚಟುವಟಿಕೆಯದೇ, ಭಾರದ್ದೇ ಎಂದು ವಿಂಗಡಿಸುವುದು. ಗುಮಾಸ್ತನ ಧಮನಿಯಲ್ಲೂ ಹಮಾಲಿಯ ಧಮನಿಯಲ್ಲೂ ಜಿಡ್ಡು ಸುಮಾರು ಸಮನಾಗಿತ್ತು. ಆದರೆ ಹೃದಯದ ಸ್ನಾಯುವಿನಲ್ಲಿ ಹಳೆಯ ಗಾಯ ಮಾಗಿ ಉಳಿದ ಕಲೆಗಳು ಕುಳಿತು ಕೆಲಸ ಮಾಡುವವರಲ್ಲಿ ಸ್ಪಷ್ಟವಾಗಿ ಹೆಚ್ಚು. ಇಬ್ಬರ ಕೊಳವೆಗಳೂ ಒಂದೇ ಬಗೆಯಲ್ಲಿ ತುಕ್ಕು ಹಿಡಿದಿದ್ದರೂ ದೇಹಶ್ರಮವಿದ್ದವನ ಸ್ನಾಯು ಅದರ ಪೆಟ್ಟನ್ನು ತಾಳಿಕೊಂಡಿತ್ತು. ಇಂದು ಪ್ರತಿಯೊಬ್ಬ ವೈದ್ಯನೂ ಹೇಳುವ ದಿನಕ್ಕೆ ಅರ್ಧ ಗಂಟೆಯ ನಡಿಗೆಯ ಹಿಂದೆ ಹೆಸರಿಲ್ಲದ ಸಾವಿರಾರು ಶವಗಳ ಸಾಕ್ಷ್ಯವಿದೆ. ಮಾರಿಸ್ ಅವರೇ ತಮ್ಮ ಉಪದೇಶವನ್ನು ಪಾಲಿಸಿ 99 ವರ್ಷ ಬಾಳಿ 2009ರಲ್ಲಿ ತೀರಿಕೊಂಡರು.

ಭಾರತೀಯರಾದ ನಮಗೆ ನೇರವಾಗಿ ಸಂಬಂಧಿಸಿದ ದಾಖಲೆ ಮೊದಲು ಹೊರಬಂದದ್ದು ಭಾರತದಲ್ಲಲ್ಲ, ಸಿಂಗಪುರದಲ್ಲಿ. ಟಿ.ಜೆ. ದನರಾಜ್ ಮತ್ತು ಸಂಗಡಿಗರು 1950ರಿಂದ 1954ರವರೆಗಿನ ಒಂಬತ್ತು ಸಾವಿರಕ್ಕೂ ಹೆಚ್ಚು ಶವಪರೀಕ್ಷೆಗಳ ವಹಿಗಳನ್ನು ಜನಾಂಗವಾರು ವಿಂಗಡಿಸಿ 1959ರಲ್ಲಿ ವರದಿ ಮಾಡಿದರು. ಒಂದೇ ದ್ವೀಪ, ಒಂದೇ ಹವೆ, ಒಂದೇ ಆಸ್ಪತ್ರೆ ವ್ಯವಸ್ಥೆ. ಆದರೂ ಭಾರತೀಯರಲ್ಲಿ ಕೊರೊನರಿ ರೋಗದ ಪ್ರಮಾಣ ಚೀನೀಯರದಕ್ಕಿಂತ ಸುಮಾರು ಏಳು ಪಟ್ಟು. ಅದಾದ ಮೇಲೆ 1960ರ ದಶಕದ ಮೊದಲಾರ್ಧದಲ್ಲಿ 14 ದೇಶಗಳಿಂದ 23 ಸಾವಿರಕ್ಕೂ ಮಿಕ್ಕ ಶವಗಳ ಧಮನಿಗಳನ್ನು ಒಂದೇ ವಿಧಾನದಲ್ಲಿ ಸಂಗ್ರಹಿಸಿ, ಒಂದೇ ಬಗೆಯ ಬಣ್ಣ ಹಾಕಿ, ಅದು ಯಾವ ದೇಶದ್ದೆಂದು ತಿಳಿಯದ ಪರೀಕ್ಷಕರಿಂದ ಅಂಕ ಹಾಕಿಸಿದ ಮಹಾಯೋಜನೆಯೊಂದು ನಡೆಯಿತು. ನ್ಯೂ ಆರ್ಲಿಯನ್ಸಿನ ಬಿಳಿಯರು ಮತ್ತು ನಾರ್ವೆಯ ಓಸ್ಲೋ ನಗರದವರು ಪಟ್ಟಿಯ ಮೇಲ್ತುದಿಯಲ್ಲಿದ್ದರು. ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ನೆಲೆಸಿದ್ದ ಭಾರತೀಯ ಮೂಲದವರನ್ನು ಅದೇ ಊರಿನ ಆಫ್ರಿಕನ್ನರಿಂದ ಬೇರೆಯಾಗಿ ಎಣಿಸಲಾಗಿತ್ತು. ಆ ಆಫ್ರಿಕನ್ನರಿಗಿಂತ ಇವರ ಧಮನಿಗಳು ಬಹಳ ಕೆಟ್ಟಿದ್ದವು. ಕಬ್ಬಿನ ತೋಟಕ್ಕೂ ರಬ್ಬರ್ ತೋಟಕ್ಕೂ ಕೂಲಿಯಾಗಿ ಹಡಗು ಹತ್ತಿದವರ ಮಕ್ಕಳು ಮೊಮ್ಮಕ್ಕಳಲ್ಲವೇ ಇವರಲ್ಲಿ ಹೆಚ್ಚಿನವರು? ಉಳ್ಳವರ ರೋಗವೆಂಬ ಹಣೆಪಟ್ಟಿ ಇವರಿಗೆ ಹೇಗೆ ಹೊಂದೀತು? 2004ರಲ್ಲಿ ಪ್ರಕಟವಾದ, ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜೂ ಪಾಲ್ಗೊಂಡಿದ್ದ ಇಂಟರ್‌ಹಾರ್ಟ್ ಅಧ್ಯಯನ ಹಾಗೂ ಅದರ ಮುಂದಿನ ವಿಶ್ಲೇಷಣೆಗಳು ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಇತರರಿಗಿಂತ ಐದಾರು ವರ್ಷ ಮುಂಚೆಯೇ ಆಗುತ್ತದೆಂದೂ, ಅದರ ಬಹುಪಾಲನ್ನು ತಂಬಾಕು, ರಕ್ತದೊತ್ತಡ, ಮಧುಮೇಹ, ರಕ್ತದ ಕೊಬ್ಬಿನಂಥ ಪರಿಚಿತ ಕಾರಣಗಳೇ ವಿವರಿಸುತ್ತವೆಂದೂ ತೋರಿಸಿದವು. ಸಿಂಗಪುರದ ಶವಗಳು ಆ ಎಚ್ಚರಿಕೆಯನ್ನು ನಲವತ್ತೈದು ವರ್ಷ ಮೊದಲೇ ಕೊಟ್ಟಿದ್ದವು.

ರೋಗ ಯಾವ ವಯಸ್ಸಿಗೆ ಆರಂಭವಾಗುತ್ತದೆ ಎಂಬ ಪ್ರಶ್ನೆಗೆ ಖಚಿತ ಉತ್ತರ ದೊರೆತದ್ದು ಅಮೆರಿಕದ ಲೂಸಿಯಾನ ರಾಜ್ಯದ ಬೊಗಲುಸ ಎಂಬ ಸಣ್ಣ ಊರಿನಲ್ಲಿ. ಮರ ಕೊಯ್ಯುವ, ಕಾಗದ ತಯಾರಿಸುವ ಗಿರಣಿಗಳ ಊರು ಅದು. ಜೆರಾಲ್ಡ್ ಬೆರೆನ್ಸನ್ ಎಂಬ ವೈದ್ಯರು 1970ರ ದಶಕದ ಆರಂಭದಿಂದ ಅಲ್ಲಿನ ಶಾಲಾಮಕ್ಕಳ ತೂಕ, ರಕ್ತದೊತ್ತಡ, ರಕ್ತದ ಕೊಬ್ಬುಗಳನ್ನು ಅಳೆದು ಬರೆದಿಡುತ್ತ ಬಂದರು. ಆ ಮಕ್ಕಳಲ್ಲಿ ಕೆಲವರು ಮುಂದೆ ಹೆಚ್ಚಾಗಿ ಅಪಘಾತಗಳಲ್ಲಿ ಸತ್ತಾಗ, ಮನೆಯವರ ಒಪ್ಪಿಗೆ ಪಡೆದು ಧಮನಿಗಳನ್ನು ಪರೀಕ್ಷಿಸಲಾಯಿತು. 1998ರ ವರದಿಯಲ್ಲಿ 2ರಿಂದ 39 ವರ್ಷದವರೆಗಿನ 204 ಮಂದಿ ಇದ್ದರು. ಬಾಲ್ಯದಿಂದಲೇ ಬರೆದಿಟ್ಟ ಅಳತೆಗಳಲ್ಲಿ ಯಾವ ಅಪಾಯದ ಅಂಶವೂ ಇಲ್ಲದವರ ಕೊರೊನರಿ ಧಮನಿಯ ಒಳಮೈಯಲ್ಲಿ ಕೊಬ್ಬಿನ ಗೆರೆಗಳು ಆವರಿಸಿದ್ದದ್ದು ಶೇ 1.3ರಷ್ಟು ಜಾಗವನ್ನು, ಮೂರು ನಾಲ್ಕು ಅಪಾಯದ ಅಂಶಗಳಿದ್ದವರಲ್ಲಿ ಶೇ 11ರಷ್ಟನ್ನು. ಶಾಲೆಯ ಕೊಠಡಿಯಲ್ಲಿ ಹಾಕಿದ ತಕ್ಕಡಿಯ ಅಂಕಿಗೂ ಮೇಜಿನ ಮೇಲೆ ಬಿಡಿಸಿದ ಧಮನಿಗೂ ನೇರ ಸಂಬಂಧ ಕಂಡದ್ದು ಇಲ್ಲಿ. ಸಕ್ಕರೆಪಾನೀಯವನ್ನೂ ಬೇಕರಿ ತಿನಿಸನ್ನೂ ಕೈಗಿತ್ತು ಮಗುವನ್ನು ಸುಮ್ಮನಾಗಿಸುವ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಈ ವರದಿಯನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕು.

ಇನ್ನು ಸೈನಿಕರ ಕತೆಯನ್ನು ಮುಂದುವರಿಸುವುದಾದರೆ, ವಿಯೆಟ್ನಾಮಿನಲ್ಲಿ ಮಡಿದ 105 ಅಮೆರಿಕನ್ನರ ಹೃದಯಗಳ ವರದಿ 1971ರಲ್ಲಿ ಬಂತು: ಶೇ 45. ಇರಾಕ್ ಮತ್ತು ಅಫ್ಘಾನಿಸ್ತಾನಗಳ ಯುದ್ಧಕಾಲದಲ್ಲಿ, 2001ರಿಂದ 2011ರವರೆಗೆ, ಸತ್ತ 3,832 ಯೋಧರ ವರದಿ 2012ರಲ್ಲಿ ಬಂತು: ಶೇ 8.5. ಎಪ್ಪತ್ತೇಳು, ನಲವತ್ತೈದು, ಎಂಟೂವರೆ. ಈ ಇಳಿಜಾರನ್ನು ಕಂಡು ಸಂತೋಷಪಡುವ ಮುನ್ನ ಕೊಂಚ ತಡೆಯಬೇಕು. ಮೂರೂ ಸಲ ಅಳೆದ ಕೋಲು ಒಂದೇ ಅಲ್ಲ. ಕೊರಿಯಾದ ವೈದ್ಯರು ಅತ್ಯಲ್ಪ ಉಬ್ಬನ್ನೂ ಎಣಿಕೆಗೆ ತೆಗೆದುಕೊಂಡಿದ್ದರು. ಆ ಹೃದಯಗಳ ಉಳಿದ ಅವಶೇಷಗಳನ್ನು ಭಾರತ ಮೂಲದ ಪ್ರಖ್ಯಾತ ರೋಗಶಾಸ್ತ್ರಜ್ಞೆ ರೇಣು ವಿರ್ಮಾನಿ ಮತ್ತು ಸಹೋದ್ಯೋಗಿಗಳು 1987ರಲ್ಲಿ ಮರುಪರಿಶೀಲಿಸಿದ್ದೂ ಉಂಟು. ಇತ್ತೀಚಿನ ವರದಿಯಾದರೋ ಬೇರೆ ಉದ್ದೇಶಕ್ಕೆ ಬರೆದ ಶವಪರೀಕ್ಷೆಯ ದಾಖಲೆಗಳನ್ನು ಆಧರಿಸಿದ್ದು. ಸೇನೆಯ ಆಯ್ಕೆಯ ಕಟ್ಟುನಿಟ್ಟೂ ಬದಲಾಗಿದೆ. ಆದರೂ ಇಳಿತವೆಲ್ಲ ಭ್ರಮೆಯೆನ್ನಲಾಗದು. ಅಮೆರಿಕದಲ್ಲಿ ಸಿಗರೇಟು ಇಳಿದದ್ದು, ರಕ್ತದೊತ್ತಡದ ಚಿಕಿತ್ಸೆ ಹರಡಿದ್ದು ನಿಜ. ಮಿನೆಸೋಟದ ಓಲ್ಮ್‌ಸ್ಟೆಡ್ ಎಂಬ ಒಂದೇ ಕೌಂಟಿಯಲ್ಲಿ 1981ರಿಂದ 2004ರವರೆಗೆ ಅಪಘಾತ ಮೊದಲಾದ ಅಸಹಜ ಕಾರಣಗಳಿಂದ ಸತ್ತ 425 ಮಂದಿಯ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದು. ಒಂದೇ ಊರು, ಹೆಚ್ಚೂಕಡಿಮೆ ಒಂದೇ ಕೋಲು. ಅಲ್ಲಿ ಧಮನಿರೋಗ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದು 1990ರ ದಶಕದ ನಡುವಿನ ಬಳಿಕ ಇಳಿತ ನಿಂತಿತು. 2000ದ ನಂತರ ಮತ್ತೆ ಏರುವ ಸೂಚನೆ ತೋರಿತು. ಬೊಜ್ಜು ಮತ್ತು ಮಧುಮೇಹಗಳತ್ತ ಸಂಶೋಧಕರು ಬೆರಳು ಮಾಡಿದರು. ಈ ಪ್ರಬಂಧದ ಮೊದಲ ಲೇಖಕ ಪೀಟರ್ ನೆಮೆಟ್ಜ್ ವೈದ್ಯರಲ್ಲ, ವಾಣಿಜ್ಯ ವಿಭಾಗದ ಪ್ರಾಧ್ಯಾಪಕರು ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಇಲ್ಲಿ ಹೇಳುತ್ತಿದ್ದೇನೆ.

ಚಾಕು ಎಲ್ಲವನ್ನೂ ಕಾಣುತ್ತದೆಂದು ತಿಳಿಯುವುದೂ ತಪ್ಪು. ಜನ ಹಾರ್ಟ್ ಅಟ್ಯಾಕ್ ಎನ್ನುವುದರಲ್ಲಿ ಎರಡು ಬೇರೆ ಬೇರೆ ಘಟನೆಗಳಿವೆ. ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ಸ್ನಾಯುವಿನ ಒಂದು ಭಾಗ ಸಾಯುವುದು ಹೃದಯಾಘಾತ. ಹೃದಯದ ವಿದ್ಯುತ್ ಲಯ ಕೆಟ್ಟು ಬಡಿತ ನಿಲ್ಲುವುದು ಹೃದಯ ಸ್ತಂಭನ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು, ಆಗದೆಯೂ ಇರಬಹುದು. ಆಘಾತವಾದ ಮೊದಲ ಕೆಲವು ಗಂಟೆಗಳಲ್ಲಿ ವ್ಯಕ್ತಿ ಸತ್ತರೆ ಸ್ನಾಯುವಿನಲ್ಲಿ ಬರಿಗಣ್ಣಿಗೆ ಯಾವ ಬದಲಾವಣೆಯೂ ತೋರದು. ವೈದ್ಯರು ಧಮನಿಯನ್ನು ಎರಡು ಮೂರು ಮಿಲಿಮೀಟರಿಗೆ ಒಂದರಂತೆ ಅಡ್ಡಡ್ಡ ಕೊಯ್ಯುತ್ತ ಹೋಗಿ ಹೆಪ್ಪನ್ನು ಹುಡುಕಬೇಕು. ಹಾಗೆ ತಾಳ್ಮೆಯಿಂದ ಹುಡುಕಿದವರು ಕಂಡದ್ದೇನು? ಹಠಾತ್ತಾಗಿ ಸತ್ತ 113 ಗಂಡಸರ ಹೃದಯಗಳ ಬಗ್ಗೆ 1997ರಲ್ಲಿ ಬಂದ ಅಮೆರಿಕದ ಅಧ್ಯಯನದಂತೆ, ಅರ್ಧಕ್ಕಿಂತ ತುಸು ಹೆಚ್ಚು ಮಂದಿಯಲ್ಲಿ ಹೊಸ ಹೆಪ್ಪು ಇತ್ತು. ಧೂಮಪಾನ ಆ ಹೆಪ್ಪಿನೊಡನೆ ಗಂಟುಹಾಕಿಕೊಂಡಿತ್ತು. ರಕ್ತದ ಕೆಟ್ಟ ಕೊಬ್ಬು ಜಿಡ್ಡಿನ ಗುಳ್ಳೆ ಒಡೆಯುವುದರೊಡನೆ. ಇನ್ನು ಕೆಲವು ಯುವಜನರ ಹೃದಯದಲ್ಲಿ ಎಷ್ಟು ಹುಡುಕಿದರೂ ಏನೂ ಸಿಗುವುದಿಲ್ಲ. ಲಯದ ದೋಷ ವಂಶವಾಹಿಯಲ್ಲಿ ಇರುತ್ತದೆ, ಮಾಂಸದಲ್ಲಿ ಅಲ್ಲ. ಅಂಥಲ್ಲಿ ಸತ್ತವನ ರಕ್ತದ ಒಂದು ಮಾದರಿಯನ್ನು ಕಾಪಿಟ್ಟರೆ ಬದುಕಿರುವ ಅವನ ತಮ್ಮನನ್ನೋ ಮಗಳನ್ನೋ ಉಳಿಸಿಕೊಳ್ಳಬಹುದು.

ಇದಿಷ್ಟೂ ಹೊರಗಿನ ಮಾತಾಯಿತು. ನಮ್ಮಲ್ಲಿ ಏನಿದೆ? ಜನನ ಮರಣ ನೋಂದಣಿ ಕಾಯಿದೆ ಬಂದದ್ದು 1969ರಲ್ಲಿ. ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ಪ್ರಮಾಣೀಕರಿಸಿದ್ದು ದೇಶದಲ್ಲಿ 2020ರ ವರದಿಯಂತೆ ಶೇ 22.5 ಮಾತ್ರ. 2023ರ ತಿದ್ದುಪಡಿ ಎಲ್ಲ ಆಸ್ಪತ್ರೆಗಳಿಗೂ ಈ ಪ್ರಮಾಣಪತ್ರವನ್ನು ಕಡ್ಡಾಯ ಮಾಡಿತು; ಆದರೆ ಮನೆಯಲ್ಲಿ, ಹೊಲದಲ್ಲಿ, ಬಸ್ಸಿನಲ್ಲಿ ಸತ್ತವರ ಕತೆ ಬೇರೆ. ಸೇವೆಯ ಆರಂಭದ ವರ್ಷಗಳಲ್ಲಿ ಗ್ರಾಮ ಲೆಕ್ಕಿಗರ ಮರಣ ವಹಿಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸಗಳಲ್ಲಿ ಒಂದಾಗಿತ್ತು. ಕಾರಣದ ಅಂಕಣದಲ್ಲಿ ವೃದ್ಧಾಪ್ಯ, ಜ್ವರ, ಎದೆನೋವು ಎಂಬ ಮೂರು ಪದಗಳಲ್ಲೇ ಊರಿಗೆ ಊರೇ ತೀರಿಹೋಗುತ್ತಿತ್ತು. ಪಟ್ಟಣದ ಪ್ರಮಾಣಪತ್ರಗಳೂ ಹೆಚ್ಚು ಉತ್ತಮವಲ್ಲ. ಹೃದಯ ಮತ್ತು ಉಸಿರಾಟ ನಿಂತದ್ದೇ ಸಾವಿನ ಕಾರಣ ಎಂದು ಬರೆಯುವ ವೈದ್ಯರು ಇಂದಿಗೂ ಇದ್ದಾರೆ. ಸತ್ತವರಲ್ಲಿ ಯಾರ ಹೃದಯ ತಾನೇ ನಿಂತಿಲ್ಲ?

ಈ ಕೊರತೆಯನ್ನು ತುಂಬಲು ಭಾರತದ ಮಹಾ ರಿಜಿಸ್ಟ್ರಾರರ ಕಚೇರಿಯೂ ಟೊರಾಂಟೊದ ಪ್ರಭಾತ್ ಝಾ ಅವರ ತಂಡವೂ ಸೇರಿ ನಡೆಸಿದ ಹತ್ತು ಲಕ್ಷ ಸಾವುಗಳ ಅಧ್ಯಯನ ದೊಡ್ಡ ಸಾಧನೆ. ಸಾವು ಸಂಭವಿಸಿದ ಮನೆಗೆ ತರಬೇತಾದ ಸಮೀಕ್ಷಕರು ಹೋಗಿ, ಕೊನೆಯ ದಿನಗಳ ವಿವರವನ್ನು ಮನೆಯವರಿಂದ ಕೇಳಿ ಬರೆದುಕೊಳ್ಳುತ್ತಾರೆ. ಅದನ್ನು ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ನಿರ್ಧರಿಸುತ್ತಾರೆ. ಇದಕ್ಕೆ ಮೌಖಿಕ ಶವಪರೀಕ್ಷೆ ಎಂದು ಹೆಸರು. ಹೃದಯ ಮತ್ತು ರಕ್ತನಾಳಗಳ ರೋಗವೇ ನಡುವಯಸ್ಸಿನವರ ಮೊದಲ ಶತ್ರುವೆಂಬುದನ್ನು ಹಳ್ಳಿಗಳ ಮಟ್ಟದಲ್ಲೂ ತೋರಿಸಿಕೊಟ್ಟದ್ದು ಈ ಅಧ್ಯಯನ. ಆದರೆ ಎದೆ ಹಿಡಿದುಕೊಂಡು ಬಿದ್ದನೆಂಬ ಹೆಂಡತಿಯ ಮಾತು ಧಮನಿಯ ಚಿತ್ರವಲ್ಲ. ಮೂವತ್ತೈದರ ರೈತನ ಸಾವಿನಲ್ಲಿ ಹೆಪ್ಪು ಇತ್ತೇ, ಸ್ನಾಯು ದಪ್ಪಗಟ್ಟಿತ್ತೇ, ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಹೋಗಿತ್ತೇ ಎಂಬುದನ್ನು ಮಾತು ಹೇಳಲಾರದು.

2025ರ ಬೇಸಿಗೆ ಮುಗಿದು ಮಳೆ ಹಿಡಿಯುವ ಹೊತ್ತಿಗೆ ಹಾಸನ ಜಿಲ್ಲೆಯಲ್ಲಿ ಇದೇ ಅಜ್ಞಾನ ಬೀದಿಗೆ ಬಂತು. ಸುಮಾರು ನಲವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಹಲವರು ಯುವಕರು, ಹೃದಯಾಘಾತದಿಂದ ಸತ್ತರೆಂಬ ಸುದ್ದಿ ದಿನಕ್ಕೊಂದರಂತೆ ಹರಡಿತು. ಲಸಿಕೆಯೇ ಕಾರಣವೆಂದವರುಂಟು, ನೀರೆಂದವರುಂಟು. ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಆರೋಗ್ಯವಂತರೇ ಬೆಳಗಿನ ಜಾವದಿಂದ ಸಾಲುಗಟ್ಟಿದರು. ನಿಜವಾದ ರೋಗಿಗೆ ಜಾಗ ಸಿಗದಂತಾಯಿತು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಾಗ ತಿಳಿದದ್ದೇನೆಂದರೆ, ಪಟ್ಟಿಯಲ್ಲಿದ್ದ 24 ಸಾವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಉಳಿದವುಗಳಲ್ಲಿಯೂ ಕೆಲವು ಖಚಿತ, ಕೆಲವು ಸಂಭಾವ್ಯ. ಅಸಹಜ ಏರಿಕೆ ಇಲ್ಲವೆಂದು ಸಮಿತಿ ಹೇಳಿತು. ಜನ ಅದನ್ನು ಪೂರ್ತಿ ನಂಬಲಿಲ್ಲ. ಅವರನ್ನು ದೂರಿ ಪ್ರಯೋಜನವಿಲ್ಲ. ಹೆಚ್ಚಿನ ದೇಹಗಳು ಅಷ್ಟರಲ್ಲಿ ಮಣ್ಣಾಗಿದ್ದವು ಇಲ್ಲವೇ ಬೂದಿಯಾಗಿದ್ದವು. ಸಮಿತಿಯ ಮುಂದಿದ್ದದ್ದು ಕಾಗದಗಳು ಮತ್ತು ನೆನಪುಗಳು. ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿಸಿ ಮರಣೋತ್ತರ ಪರೀಕ್ಷೆ ನಡೆಸಲಾಗುವುದೆಂದು ಆರೋಗ್ಯ ಸಚಿವರು ಪ್ರಕಟಿಸಿದ್ದು ಆಗಲೇ.

ಉದ್ದೇಶ ಸರಿಯಾದದ್ದು. ದೆಹಲಿಯ ಏಮ್ಸ್ ಸಂಸ್ಥೆ 2023–24ರಲ್ಲಿ ಒಂದು ವರ್ಷದ 2,200ಕ್ಕೂ ಹೆಚ್ಚು ಶವಪರೀಕ್ಷೆಗಳಿಂದ ಹಠಾತ್ ಸಾವುಗಳನ್ನು ಆಯ್ದು ಅಧ್ಯಯನ ಮಾಡಿದಾಗ, ಯುವಜನರಲ್ಲಿ ಕೊರೊನರಿ ರೋಗವೇ ಮುಂದಿತ್ತು. ಲಸಿಕೆಯೊಂದಿಗೆ ಸಂಬಂಧ ಕಾಣಲಿಲ್ಲ. ಸುಮಾರು ಐದನೇ ಒಂದು ಭಾಗಕ್ಕೆ ಎಲ್ಲ ಪರೀಕ್ಷೆಗಳ ನಂತರವೂ ಕಾರಣ ಸಿಗಲಿಲ್ಲ. ಪರೀಕ್ಷೆ ಮಾಡಿದವರು ಮಾತ್ರ ಇಷ್ಟು ನಿಖರವಾಗಿ ತಮಗೆ ತಿಳಿಯದ್ದನ್ನೂ ಹೇಳಬಲ್ಲರು. ಆದರೆ ಪ್ರತಿ ಹಠಾತ್ ಸಾವಿಗೂ ಶವಪರೀಕ್ಷೆಯೆಂಬುದು ನಮ್ಮ ಹಳ್ಳಿಗಳಲ್ಲಿ ನಡೆಯುವ ಮಾತೇ? ಸತ್ತ ಮೇಲೂ ಕೊಯ್ಯಿಸಿ ಹಿಂಸೆ ಕೊಡಬೇಕೇ ಎಂಬ ತಾಯಿಯ ಪ್ರಶ್ನೆಗೆ ಸುತ್ತೋಲೆಯಲ್ಲಿ ಉತ್ತರವಿರುವುದಿಲ್ಲ. ಸೂರ್ಯ ಮುಳುಗುವುದರೊಳಗೆ ಸಂಸ್ಕಾರ ಮುಗಿಸುವ ಆತುರ ಒಂದು ಕಡೆ, ಪೊಲೀಸು ಕಚೇರಿಗಳ ಸುತ್ತಾಟದ ಭಯ ಇನ್ನೊಂದು ಕಡೆ. ಕೊಯ್ಯದೆಯೇ ಸಿಟಿ ಸ್ಕ್ಯಾನಿನಿಂದ ನೋಡುವ ವರ್ಚುವಲ್ ಶವಪರೀಕ್ಷೆಯನ್ನು ಏಮ್ಸ್ 2021ರಲ್ಲಿ ಆರಂಭಿಸಿತು. ಮೂಳೆ ಮುರಿತಕ್ಕೆ ಅದು ಉತ್ತಮ. ಧಮನಿಯಲ್ಲಿ ಗಟ್ಟಿಯಾದ ಸುಣ್ಣದಂಶವನ್ನೂ ತೋರಿಸುತ್ತದೆ. ಮೆತ್ತನೆಯ ಹೊಸ ಹೆಪ್ಪನ್ನು, ಅಂದರೆ ನಮಗೆ ಬೇಕಾದದ್ದನ್ನೇ, ವಿಶೇಷ ದ್ರವ ಹಾಯಿಸದೆ ತೋರಿಸಲಾರದು.

ನನ್ನ ದೃಷ್ಟಿಯಲ್ಲಿ ಸುಲಭದ ದಾರಿ ಬೇರೆಡೆ ಇದೆ. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಚ್ಚಿನವರು ಯುವಕರು ಮತ್ತು ನಡುವಯಸ್ಸಿನವರು. ಇಂಥ ಅಸಹಜ ಸಾವುಗಳಿಗೆ ಕಾನೂನಿನಂತೆ, ಹಿಂದೆ ದಂಡಪ್ರಕ್ರಿಯಾ ಸಂಹಿತೆ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಪಂಚನಾಮೆಯಾಗುತ್ತದೆ. ಸಾಮಾನ್ಯವಾಗಿ ಶವಪರೀಕ್ಷೆಯೂ ನಡೆಯುತ್ತದೆ. ಎದೆ ತೆರೆಯಲಾಗುತ್ತದೆ, ಹೃದಯ ವೈದ್ಯರ ಕೈಗೆ ಬರುತ್ತದೆ. ಕೊರಿಯಾದಲ್ಲಿ ಗುಂಡು ಆಯ್ದುಕೊಟ್ಟ ಮಾದರಿಯನ್ನು ಇಲ್ಲಿ ಲಾರಿಗಳೂ ಹೆದ್ದಾರಿಗಳೂ ಪ್ರತಿದಿನ ಆಯ್ದುಕೊಡುತ್ತಿವೆ. ಕರ್ನಾಟಕದ ಮೂವತ್ತರ ಹರೆಯದವರ ಧಮನಿಗಳು ಹೇಗಿವೆ, ಕರಾವಳಿಗೂ ಕಲಬುರಗಿಗೂ ವ್ಯತ್ಯಾಸವಿದೆಯೇ, ಆಟೊ ಚಾಲಕನಿಗೂ ಸಾಫ್ಟ್‌ವೇರ್ ನೌಕರನಿಗೂ ಎಷ್ಟು ಅಂತರ ಎಂಬ ಪ್ರಶ್ನೆಗಳಿಗೆ ಉತ್ತರ ನಮ್ಮ ಶವಾಗಾರಗಳಿಂದ ದಿನವೂ ಹೊರಗೆ ಹೋಗುತ್ತಿದೆ, ಯಾರೂ ಓದದೆ. ಉಪವಿಭಾಗಾಧಿಕಾರಿಯಾಗಿದ್ದಾಗ, ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣುಮಕ್ಕಳ ಅಸಹಜ ಸಾವಿನ ವಿಚಾರಣೆಗಳಲ್ಲಿ ಎಷ್ಟೋ ಶವಪರೀಕ್ಷಾ ವರದಿಗಳನ್ನು ಓದಿದ್ದೇನೆ. ಗಾಯಗಳ ವಿವರ ಅಂಗುಲ ಅಂಗುಲವಾಗಿ ಇರುತ್ತಿತ್ತು. ಹೃದಯದ ಸಾಲಿನಲ್ಲಿ ಮಾತ್ರ ಸಾಮಾನ್ಯ ಎಂಬ ಒಂದೇ ಪದ. ತೂಕವಿಲ್ಲ, ಧಮನಿಯ ಮಾತಿಲ್ಲ. ಇದು ವೈದ್ಯರ ಉದಾಸೀನವೆಂದೇ ಹೇಳಲಾರೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಈ ಕೆಲಸ ಮಾಡುವವರು ಬಹುಮಟ್ಟಿಗೆ ವಿಧಿವಿಜ್ಞಾನ ತಜ್ಞರಲ್ಲ, ಹೊರರೋಗಿಗಳ ಸಾಲನ್ನು ಬಿಟ್ಟು ಬಂದ ಸಾಮಾನ್ಯ ವೈದ್ಯರು. ಅವರನ್ನು ಯಾರೂ ಅದನ್ನು ಕೇಳಿರಲಿಲ್ಲ.

ಇಲ್ಲಿ ನೈತಿಕ ಪ್ರಶ್ನೆಯೊಂದಿದೆ, ಅದನ್ನು ಮುಚ್ಚಿಡಬಾರದು. ಮಕ್ಕಳ ಅಂಗಗಳನ್ನು ಹೆತ್ತವರಿಗೆ ತಿಳಿಸದೆ ಇಟ್ಟುಕೊಂಡದ್ದು 1999ರಲ್ಲಿ ಬಯಲಾಗಿ ಬ್ರಿಟನ್ ತಲ್ಲಣಿಸಿತು. 2004ರಲ್ಲಿ ಅದಕ್ಕಾಗಿ ಹೊಸ ಕಾನೂನನ್ನೇ ತರಬೇಕಾಯಿತು. ಪೊಲೀಸ್ ತನಿಖೆಗಾಗಿ ತೆರೆದ ದೇಹದಿಂದ ಸಂಶೋಧನೆಗೆ ಅಂಗವನ್ನು ಉಳಿಸಿಕೊಳ್ಳುವುದಾದರೆ ಮನೆಯವರ ಲಿಖಿತ ಒಪ್ಪಿಗೆ ಬೇಕೇ ಬೇಕು. ಆದರೆ ಹೇಗೂ ನಡೆಯುವ ಪರೀಕ್ಷೆಯಲ್ಲಿ ಹೃದಯವನ್ನು ತೂಗಿ, ಮೂರು ಮುಖ್ಯ ಧಮನಿಗಳನ್ನು ಅಡ್ಡಡ್ಡ ಕೊಯ್ದು, ಎಷ್ಟು ಕಿರಿದಾಗಿವೆಯೆಂದು ಬರೆದು, ಹೃದಯವನ್ನು ದೇಹದಲ್ಲೇ ಹಿಂದಿರುಗಿಸುವುದಕ್ಕೆ ಯಾವ ಅಂಗವನ್ನೂ ಉಳಿಸಿಕೊಳ್ಳಬೇಕಾಗಿಲ್ಲ. ಹೆಸರು ಅಳಿಸಿದ ಅಂಕಿಗಳಷ್ಟೇ ಸಾಕು.

ಇಡೀ ರಾಜ್ಯದಲ್ಲಿ ಒಮ್ಮೆಗೇ ಆರಂಭಿಸಬೇಕೆಂದೂ ಇಲ್ಲ. ವಿಧಿವಿಜ್ಞಾನ ಮತ್ತು ರೋಗಶಾಸ್ತ್ರ ವಿಭಾಗಗಳೆರಡೂ ಚೆನ್ನಾಗಿರುವ ನಾಲ್ಕೈದು ಸರ್ಕಾರಿ ವೈದ್ಯಕೀಯ ಕಾಲೇಜುಗಳನ್ನು ಆರಿಸಿ, ಒಂದೇ ನಮೂನೆಯ ಒಂದು ಪುಟ, ಒಂದೇ ಬಗೆಯ ತರಬೇತಿ ಕೊಟ್ಟು, ಅಪಘಾತದಲ್ಲಿ ಸತ್ತ 18ರಿಂದ 60ರವರೆಗಿನವರನ್ನು ಮೂರು ವರ್ಷ ದಾಖಲಿಸಿದರೆ ಸಾಕು. ತೂಕ ಮಾಡುವ ತಕ್ಕಡಿ, ಅಳತೆಪಟ್ಟಿ, ದಿನಕ್ಕೆ ಕೆಲವು ನಿಮಿಷಗಳ ಹೆಚ್ಚಿನ ಶ್ರಮ ಇದರ ಮುಖ್ಯ ಖರ್ಚು. ಸಂದೇಹವಿರುವ ಹೃದಯವನ್ನು ಒಪ್ಪಿಗೆಯೊಡನೆ ರೋಗಶಾಸ್ತ್ರ ವಿಭಾಗಕ್ಕೆ ಕಳಿಸುವಾಗ ಉಪ್ಪುನೀರಿನಲ್ಲಿ ಹಾಕದೆ ಫಾರ್ಮಲಿನ್ನಿನಲ್ಲಿ ಹಾಕಬೇಕು. ಇದು ಕ್ಷುಲ್ಲಕ ವಿವರವೆನಿಸಬಹುದು. ವಿಷಪರೀಕ್ಷೆಗೆಂದು ಉಪ್ಪುನೀರಿನಲ್ಲಿಡುವ ಅಭ್ಯಾಸಬಲದಿಂದ ಹೃದಯವನ್ನೂ ಅದರಲ್ಲೇ ಹಾಕಿಬಿಟ್ಟರೆ ಸೂಕ್ಷ್ಮದರ್ಶಕದ ಕೆಳಗೆ ನೋಡಲು ಏನೂ ಉಳಿಯುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ಫಾರ್ಮಲಿನ್ ಕ್ಯಾನು ಯಾವ ಲೆಕ್ಕ ಶೀರ್ಷಿಕೆಯಿಂದ ಖರೀದಿಯಾಗಬೇಕು, ಸಾಗಣೆಯ ಭತ್ಯೆಯನ್ನು ಪೊಲೀಸ್ ಇಲಾಖೆ ಕೊಡಬೇಕೋ ಆರೋಗ್ಯ ಇಲಾಖೆ ಕೊಡಬೇಕೋ ಎಂಬುದು ತೀರ್ಮಾನವಾಗದೆ ಇಂಥ ಆದೇಶಗಳು ಎಷ್ಟು ದೂರ ಸಾಗುತ್ತವೆಂದು ನನಗೆ ಅನುಭವದಿಂದ ಗೊತ್ತು. ಮುಂದಿನ ಆಯವ್ಯಯದ ಬೇಡಿಕೆಗಳ ಪುಸ್ತಕ ಬಂದಾಗ, ಆರೋಗ್ಯ ಇಲಾಖೆಯ ಪುಟಗಳಲ್ಲಿ ನಾನು ಮೊದಲು ಹುಡುಕುವುದು ಈ ಒಂದು ಸಾಲನ್ನೇ.